ಉಳಿದ ಬೆಣ್ಣೆ

ಮೂರು ತಿಂಗಳಿಗೊಮ್ಮೆ, ಸೋಮವಾರ,
ದೋಸೆ ಅಂಗಡಿಗೆ ರಜೆಯಿರುವ ದಿನ,
ಲ್ಯಾಬಿನ ಶಟರ್ ಪೂರ್ತಿ ಏಳುವ ಮೊದಲೇ
ಮೆಟ್ಟಿಲ ಮೇಲೆ ಕೂತಿರುತ್ತಾರೆ ಇಬ್ಬರೂ
ಬರಿಹೊಟ್ಟೆಯಲ್ಲಿ.

ಅಂದಾನಪ್ಪನ ಕೈ ಖಾಲಿ.
ಗುರುಬಸಮ್ಮನ ಕೈಯಲ್ಲಿ ಅವನ ಫೈಲು,
ನೀರಿನ ಬಾಟಲಿ, ರಕ್ತ ಕೊಟ್ಟ ಮೇಲೆ ಅವನಿಗೆಂದು
ಡಬ್ಬಿಯಲ್ಲಿ ಎರಡು ಒಣ ಚಪಾತಿ.
ಅವಳ ಚೀಟಿ?
ಅದೇ ಫೈಲಿನ ಕೊನೆಯ ಕವರಿನಲ್ಲಿ,
ಕರೆಂಟ್ ಬಿಲ್ಲಿನ ಹಿಂದೆ, ನಾಲ್ಕಾಗಿ ಮಡಿಚಿದ್ದು.

"ತಸ್ಲೀಮಾ, ಮೊದ್ಲು ಇವರದ್ದು ತಗಳವ್ವ,
ಇವರಿಗೆ ತಲಿ ತಿರುಗ್ತತಿ."

ಅವನ ನರ ಹಗ್ಗದಂತೆ ಎದ್ದು ನಿಲ್ಲುತ್ತದೆ.
ಅವಳದ್ದನ್ನು ಹುಡುಕಬೇಕು.
ಪಟ್ಟಿ ಬಿಗಿದು, ಎರಡು ಬೆರಳಿಂದ ತಟ್ಟಿ ತಟ್ಟಿ,
ಕೊನೆಗೆ ಸಿಗುವುದು ಬಳೆಗಳ ಹತ್ತಿರ, ಮುಂಗೈಯಲ್ಲಿ.

ಇಬ್ಬರ ಎದೆಯಲ್ಲೂ ಒಂದೊಂದು ಸ್ಟೆಂಟು.
ಬಂದ ದಾರಿ ಮಾತ್ರ ಬೇರೆ.

ಅವನಿಗೆ ಕಾವಲಿಯ ಮುಂದೆಯೇ ಎದೆ ಹಿಡಿಯಿತು.
ಗಿರಾಕಿಗಳೇ ಎತ್ತಿ ಆಟೋಕ್ಕೆ ಹಾಕಿದರು,
ಹೊಂಡದ ಸರ್ಕಲ್ ದಾಟುವಷ್ಟರಲ್ಲಿ ಹಿಂದೆ ಹತ್ತು ಬೈಕು.
ಒಬ್ಬನಂತೂ ಚಟ್ನಿ ಬಟ್ಟಲು ಹಿಡಿದೇ
ಆಸ್ಪತ್ರೆ ತನಕ ಹೋಗಿದ್ದ.

ಅವಳಿಗೆ ಎದೆ ನೋಯಲೇ ಇಲ್ಲ.
ದವಡೆ ಜಗ್ಗಿತು. ಬೆನ್ನ ನಡುವೆ ಯಾರೋ
ಮೊಣಕೈ ಊರಿದ ಹಾಗೆ. ಸುಸ್ತು.
ಎಂಟು ದಿನ ಹಲ್ಲುನೋವೆಂದು ಲವಂಗ ಕಚ್ಚಿದಳು.
ಕ್ಲಿನಿಕ್ಕಿನಲ್ಲಿ ಗ್ಯಾಸೆಂದು ಗುಲಾಬಿ ಟಾನಿಕ್ಕು ಬರೆದರು.
ಒಂಬತ್ತನೆಯ ದಿನ ನಾಳೆಯ ಹಿಟ್ಟಿಗೆ ಅಕ್ಕಿ ನೆನೆಹಾಕಿ,
ಸೀರೆ ಬದಲಿಸಿ,
ನಡೆದುಕೊಂಡೇ ಹೋದಳು.

ಸಂಜೆ ವರದಿ ಒಯ್ಯಲು ಬರುವವಳೂ ಅವಳೇ.
ಕೆಟ್ಟ ಕೊಲೆಸ್ಟ್ರಾಲ್: ಅವನದ್ದು ಐವತ್ನಾಲ್ಕು.
ಅವಳದ್ದು ನೂರಾ ನಲವತ್ತೆಂಟು,
ದಪ್ಪಕ್ಷರದಲ್ಲಿ, ಪಕ್ಕಕ್ಕೊಂದು ನಕ್ಷತ್ರ.

ಒಂದೇ ಮನೆ, ಒಂದೇ ಎಣ್ಣೆ, ಒಂದೇ ಸಾರು.

ಕೇಳಬಾರದು, ಸೂಜಿಯವಳ ಕೆಲಸವಲ್ಲ ಅದು.
ಕೇಳಿದೆ.

"ಇವರ ಗುಳಿಗಿ ರಾತ್ರಿ ಒಂಬತ್ತಕ್ಕೆ, ನಾನೇ ಕೊಡ್ತೀನಿ.
ನಂದು ತಗಂಡ್ರೆ ಮೀನಖಂಡ ಹಿಡಕಂತಾವು,
ನಿಂತು ಕೆಲಸ ಮಾಡೋದು ಹೆಂಗವ್ವ?
ಅರ್ಧ ಮುರಕಂಡೆ. ಆಮ್ಯಾಲೆ ದಿನ ಬಿಟ್ಟು ದಿನ."

ಡಾಕ್ಟ್ರಿಗೆ ಹೇಳಲಿಲ್ವಾ?

"ಇಬ್ರೂ ಒಟ್ಟಿಗೇ ಹೋಗ್ತೀವಲ್ಲ, ಇವರದ್ದೇ ಮಾತು.
ನನ್ನ ಸರತಿ ಬರೋದ್ರಾಗೆ
ಮುಂದಿನವರು ಒಳಗೆ ಬಂದಿರ್ತಾರೆ."

ಸ್ವಲ್ಪ ಹೊತ್ತು ಬಿಟ್ಟು, ಕಳವು ಒಪ್ಪಿಕೊಳ್ಳುವ ಹಾಗೆ:
"ದಿನಾ ಮೊದಲ್ನೇ ದೋಸಿ ಇವರದ್ದು, ಮದುವಿ ಆದಾಗಿಂದ.
ಈಗ ಬೆಣ್ಣಿ ಬ್ಯಾಡ ಅಂದಾರೆ.
ಆದ್ರೆ ಕೈ ಕೇಳಬೇಕಲ್ಲ,
ಮೊದಲ್ನೇದಕ್ಕೆ ಮುದ್ದೆ ಬೆಣ್ಣಿ ಬಿದ್ದೇ ಬೀಳ್ತತಿ.
ಚೆಲ್ಲಾಕೆ ಆಗ್ತತೇನು?
ನಾನೇ ತಿಂತೀನಿ."

ಮುಟ್ಟು ನಿಂತ ಮೇಲೆ ಹೆಂಗಸಿನ ರಕ್ತದ ಲೆಕ್ಕ ಬದಲಾಗುತ್ತದೆಂದು
ನನ್ನ ಕೋರ್ಸಿನ ಪುಸ್ತಕದಲ್ಲಿ ಒಂದು ಸಾಲಿತ್ತು.
ಪರೀಕ್ಷೆಗೆ ಬರುವುದಿಲ್ಲ ಅಂದರು,
ಬಿಟ್ಟುಬಿಟ್ಟೆವು.

ಡ್ರಾಯರಿನಿಂದ ಹೊಸ ಫೈಲು ತೆಗೆದೆ.
ಮೇಲೆ ಬರೆದೆ: ಗುರುಬಸಮ್ಮ, ಐವತ್ತೊಂಬತ್ತು.
ಕಾಲು ಹಿಡಿಯುವ ಸಂಗತಿಯನ್ನೂ ಒಂದು ಚೀಟಿಯಲ್ಲಿ ಬರೆದು
ಮುಂದಕ್ಕೇ ಸಿಕ್ಕಿಸಿದೆ, ಬಾಯಿ ಬಿಡದಿದ್ದರೂ ಕಾಣಲೆಂದು.
"ಇದಕ್ಕೆಷ್ಟವ್ವ? ಸುಮ್ನೆ ದಂಡ," ಅಂದಳು.
ಒಯ್ದಳು.

ಮೂರು ತಿಂಗಳಾದ ಮೇಲೆ ಫೈಲು ವಾಪಸು ಬಂತು
ಹೊಟ್ಟೆ ಉಬ್ಬಿಸಿಕೊಂಡು:
ರೇಷನ್ ಕಾರ್ಡಿನ ಜೆರಾಕ್ಸು, ಗ್ಯಾಸಿನ ಪುಸ್ತಕ,
ಮೊಮ್ಮಗಳ ಲಸಿಕೆ ಚೀಟಿ.
ಎಲ್ಲದರ ಅಡಿಯಲ್ಲಿ ಡಾಕ್ಟರು ಬರೆದ ಬೇರೆ ಗುಳಿಗೆ,
ಬೇರೆ ಹೆಸರಿನದು.

ಅಂದಾನಪ್ಪ ರೂಢಿಯಂತೆ ಕುರ್ಚಿಗೆ ಬಂದ,
ತೋಳು ಮಡಿಚಿ, ಕೈ ಚಾಚಿದ.

"ಇವತ್ತು ಮೊದಲು ಅಮ್ಮನವರದ್ದು," ಅಂದೆ.

ಅವಳು ನಿಂತೇ ಇದ್ದಳು, ಡಬ್ಬಿ ಹಿಡಿದು.
ಚಾಚಿದ ಕೈಯನ್ನು ಅವನು
ಹಿಂದಕ್ಕೆ ತೆಗೆದುಕೊಳ್ಳಲು
ಕೊಂಚ ಹೊತ್ತು ಹಿಡಿಯಿತು.