ಎಷ್ಟು ಬೆರಳು?

ಮೊದಲು ಬಂದವರು ಕಾಲು ಮುರಿದವರು,
ತಲೆ ಒಡೆದವರು, ಉಸಿರು ಸಿಕ್ಕಿಕೊಂಡವರು.
ಕಣ್ಣಿನವರು ಗೋಡೆ ಬದಿಗೆ ಸರಿದು ನಿಂತರು
ಹೆಣಕ್ಕೆ ದಾರಿ ಬಿಟ್ಟವರ ಹಾಗೆ.
ಕಣ್ಣಿಗೇನು, ಧೂಳು ಹೊಕ್ಕಿದೆ, ಹೋಗ್ತದೆ.
ಕಣ್ಣು ನೊಂದು ಯಾರು ಸತ್ತಿದ್ದಾರೆ?

ಮಾಜಾಳಿಯಿಂದ ಬೈತಕೋಲದವರೆಗೆ ಆ ರಾತ್ರಿ
ಗಾಳಿ ಹೆಂಚು ಎಣಿಸಿತ್ತು, ಒಂದೊಂದೇ ಎತ್ತಿ.
ದಂಡೆಯ ಮರಳು ಆಳೆತ್ತರ ಎದ್ದು
ಓಣಿಗಳಲ್ಲಿ ನಡೆದಿತ್ತು.

ಕಾರವಾರದ ಆಸ್ಪತ್ರೆಯ ಪಡಸಾಲೆಯಲ್ಲಿ
ಸಲೈನ್ ಬಾಟಲಿ ಹಿಡಿದು ನಾನು
ತೊಳೆದೆ. ಉಜ್ಜಬೇಡಿ ಅಂದೆ. ತೊಳೆದೆ.
ಟ್ರೇಗೆ ಬಿದ್ದದ್ದು ಮರಳು, ಗಾಳಿಮರದ ಸೂಜಿಯೆಲೆ,
ಎಲ್ಲಿಂದಲೋ ಒಂದು ಮೀನಿನ ಹುರುಪೆ,
ಯಾರದೋ ಗೋಡೆಯ ನೀಲಿ ಸುಣ್ಣ.
ಸುಣ್ಣದ ಕಣ್ಣಿಗೆ ಅರ್ಧ ತಾಸು ನೀರು ಬೇಕು;
ಬಾಟಲಿಗಳು ಇದ್ದದ್ದು ಆರು.

ಹಮ್ಮಿ ಗೌಡ್ತಿ ಸೊಸೆಯ ಎದೆಹಾಲು ಬಿಡಿಸಿಕೊಂಡು ಬಂದಿದ್ದಳು.
ಬೈಯಲು ಬಾಯಿ ತೆರೆದೆ. ಸೊಸೆ ಪಕ್ಕದಲ್ಲೇ ಇದ್ದಳು,
ಕೂಸಿಲ್ಲದ ಮಡಿಲಲ್ಲಿ ಕೈ ಇಟ್ಟುಕೊಂಡು.
ಸುಮ್ಮನೆ ತೊಳೆದೆ.

ನಾಲ್ಕನೇ ದಿನ ವಿಠೋಬ ತಾಂಡೇಲ ಬಂದ.
ಮೂರು ದಿನ ದೋಣಿ ಹುಡುಕಿದ್ದನಂತೆ.
ಎಡಗಣ್ಣಿನ ಮೇಲೆ ಕಾಗದದ ಚಹಾ ಲೋಟ ಕವುಚಿ
ಪಂಚೆಯ ಅಂಚಿನಿಂದ ಕಟ್ಟಿಕೊಂಡಿದ್ದ.
"ಒತ್ತಬೇಡ ಅಂದ, ಅಂಗಡಿಯ ಪೋರ."
ಆ ವಾರ ಇಡೀ ಊರಲ್ಲಿ
ಸರಿಯಾಗಿ ಕಟ್ಟಿದ್ದ ಕಣ್ಣು ಅದೊಂದೇ.
ಒಳಗೆ ಹೆಂಚಿನ ಚೂರು, ನುಚ್ಚಕ್ಕಿಯಷ್ಟು.

ಎಷ್ಟು ಬೆರಳು?
ಬೆಳಕು ಅದೆ, ಅಕ್ಕೋರೆ.
ಬೆರಳು ಎಷ್ಟು?
ಕಿಟಕಿ ಆಚೆ ಕಡೆ ಅದೆ, ಅಲ್ಲ?

ತಲಾಟಿ ಫಾರಂ ತಂದ.
ದೋಣಿಗೆ ಇಷ್ಟು, ಬಲೆಗೆ ಇಷ್ಟು, ಎಮ್ಮೆಗೆ ಇಷ್ಟು.
ಮನುಷ್ಯನಿಗೆ ನೂರರಲ್ಲಿ ನಲವತ್ತಾದರೂ ಹೋಗಿರಬೇಕು.
ಒಂದು ಕಣ್ಣಿಗೆ ಮೂವತ್ತೇ, ಅಂದರು ಡಾಕ್ಟರು,
ಪೆನ್ನಿನ ಮುಚ್ಚಳ ಹಾಕುತ್ತಾ.
ವಿಠೋಬ ನಕ್ಕ: "ಹತ್ತು ಕಮ್ಮಿ ಬಿತ್ತು."

ಈಗ ಅವನು ವಾರ್ಡಿನ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾನೆ,
ಹೆಂಡತಿ ಹೊತ್ತು ತಂದ ಬಲೆ ಮೊಣಕಾಲಿಗೆ ಸಿಕ್ಕಿಸಿ.
ಒಳ್ಳೆಯ ಕಣ್ಣನ್ನೂ ಮುಚ್ಚಿ ಕೈಯಿಂದ ತಡವುತ್ತಾನೆ.
ಯಾಕೆ ಅಂದರೆ, ಅಭ್ಯಾಸ ಇರಲಿ ಅನ್ನುತ್ತಾನೆ.
ಮತ್ತೆ ಹರಿದ ಜಾಗ ನನ್ನ ಮುಖಕ್ಕೆ ಹಿಡಿದು
"ನಿಮಗೆ ಕಾಣ್ತದಲ್ಲ, ಹೇಳಿ,
ಎಷ್ಟು ಕಣ್ಣು ಹೋಗ್ಯಾವೆ ಇಲ್ಲಿ?"

ಹನ್ನೆರಡರ ತನಕ ಎಣಿಸಿದೆ.
ಬಲೆಯಾಚೆ ಸಮುದ್ರ, ಏನೂ ಮಾಡದವರ ಹಾಗೆ.
ಲೆಕ್ಕ ತಪ್ಪಿತು. ಅಷ್ಟರಲ್ಲಿ
ಹನಿ ಬಿಡುವ ಹೊತ್ತಾಯಿತು.