ಒಂದು ಹಲ್ಲಿನಷ್ಟು ಎಡಕ್ಕೆ

ರಿಯೇಕಾದಲ್ಲಿ ಬೂರಾ ಬೀಸುವ ದಿನ ದಾರ ಕಟ್ಟಬಾರದು,
ಅಂದಿದ್ದರು ಫ್ರಾನೆ ಮಾಮ. ಕಟ್ಟಿದೆವು.
ಸ್ಪರ್ಧೆಗೆ ಒಂಬತ್ತೇ ದಿನ.
ಬೆಟ್ಟ ಇಳಿದು ಕಡಲಿಗೆ ನುಗ್ಗುವ ಗಾಳಿಗೆ
ನಮ್ಮ ಪಂಚಾಂಗದ ಹಂಗಿಲ್ಲ.

ಗಾಡಿಯ ಎರಡೂ ಮಗ್ಗುಲಿಗೆ, ಚಕ್ರದ ನಡುಮಟ್ಟಕ್ಕೆ,
ನಾಲ್ಕು ಸ್ಟ್ಯಾಂಡುಗಳ ನಡುವೆ ಬಿಗಿದದ್ದು
ಲೊವೋರ್ಕಳ ಅಪ್ಪ ಟ್ಯೂನಾ ಹಿಡಿಯುವ ನೈಲಾನು.
ಉಪ್ಪಿನ ವಾಸನೆ ಇನ್ನೂ ಬಿಟ್ಟಿಲ್ಲ.
ಷಟರಿನ ಸಂದಿಯಿಂದ ಗಾಳಿ ಬಂದಾಗಲೆಲ್ಲ
ಗುಂಯ್ ಅನ್ನುತ್ತದೆ ದಾರ.
ಸ್ಕೇಲು ಹಿಡಿದು ಮಂಡಿಯೂರಿ ಕಾಯುತ್ತೇನೆ,
ಜ್ವರದ ಮಗು ತೊಡೆಯ ಮೇಲೆ
ನಿದ್ದೆಗೆ ಜಾರಲಿ ಎಂದು ಕಾಯುವ ಹಾಗೆ.

ರಿಮ್ಮಿನ ಮುಂದಂಚಿಗೆ ನೂರ ಹನ್ನೆರಡು.
ಹಿಂದಂಚಿಗೆ ನೂರ ಹದಿಮೂರು.
ಆಚೆ ಮಗ್ಗುಲಿಗೂ ಅಷ್ಟೇ, ಕೂದಲೆಳೆಯ ಫರಕಿಲ್ಲ.
ಮೂಗು ಒಂದಿಷ್ಟೇ ಹೊರಕ್ಕೆ ತೋರಿಸಿ ನಿಂತ ಎರಡು ಚಕ್ರ,
ನಡುವೆ ಟೇಪು ಸುತ್ತಿ ಕಟ್ಟಿಹಾಕಿದ ಸ್ಟೀರಿಂಗು, ನೆಟ್ಟಗೆ.
ದಿಂಕೊ ಅದನ್ನೆಲ್ಲ ಸುಣ್ಣದ ಗೋಡೆಯ ಮೇಲೆ ಬರೆದ,
ಕೆಳಗೆ ಎರಡು ಗೀಟು ಎಳೆದ.

ಹಳೆಯ ಹಡಗುಕಟ್ಟೆಯ ಬಯಲಲ್ಲಿ ಕೋನುಗಳನ್ನಿಟ್ಟು
ಲೊವೋರ್ಕ ಓಡಿಸಿದಳು.
ನೇರಕ್ಕೆ ಬಾಣ.
ಬಲಕ್ಕೆ ಬೆಣ್ಣೆ.
ಎಡದ ತಿರುವಿನಲ್ಲಿ ಮಾತ್ರ
ಅದೇ ಹೊರಗಿನ ಕೋನು, ಮೂರು ಸಲ, ಅಡಿಮೇಲು.
ಹೆಲ್ಮೆಟ್ಟಿನೊಳಗಿಂದ ಅಂದಳು:
ಎಡಕ್ಕೆ ಇದರ ಕೈ ಮೊಟಕು.

ಟೈರು ಅಂದರು. ಡಾಂಬರು ಅಂದರು.
ಗಾಳಿ ಅಂದೆ ನಾನು, ಎಲ್ಲರಿಗಿಂತ ಮೊದಲು.

ಫ್ರಾನೆ ಮಾಮ ನಲವತ್ತು ವರ್ಷ ಹಡಗಿಗೆ ಬೆಸುಗೆ ಹಾಕಿದವರು.
ನಮ್ಮ ಸೂತ್ರಗಳನ್ನು ಓದುವವರಲ್ಲ.
ಅವರ ದ್ವೀಪದ ಕಣದಲ್ಲಿ
ಮೇಟಿಯ ಸುತ್ತ ಕತ್ತೆಗಳು ತುಳಿಯುತ್ತಿದ್ದವಂತೆ;
ಒಳಗಿನದು ನಿಂತಲ್ಲೇ ತಿರುಚಿಕೊಳ್ಳಬೇಕು,
ಹೊರಗಿನದು ಊರೆಲ್ಲ ನಡೆಯಬೇಕು.
"ಮೇಟಿ ನಡುವಲ್ಲಿಲ್ಲದಿದ್ದರೆ
ಕತ್ತೆಗಳನ್ನು ಹೊಡೆದೇನು ಬಂತು, ತಿಹಾನಾ?"
ನನ್ನ ಹೆಸರು ಯಾಕೆ ಹಿಡಿದರು?

ಅಂಗಾತ ಮಲಗಿ ಗಾಡಿಯಡಿ ತೂರಿದರು.
ಟೈ ರಾಡಿನ ಹೊರಗುಳಿದ ಮರೆಗಳನ್ನು
ಉಗುರಿನಿಂದ ಎಣಿಸಿದರು, ಜಪದ ಮಣಿಯ ಹಾಗೆ:
ಬಲಗಡೆ ಒಂಬತ್ತು.
ಎಡಗಡೆ ಒಂದು.

ಆಮೇಲೆ ಏನೂ ಅನ್ನಲಿಲ್ಲ.
ಸಿಗರೇಟು ಹುಡುಕುವ ನೆಪದಲ್ಲಿ ಹೊರಗೆ ಹೋದರು.

ಮಂಗಳವಾರ ರಾತ್ರಿ ಎರಡು ಗಂಟೆಗೆ
ರ‍್ಯಾಕನ್ನು ಕೂರಿಸಿದವಳು ನಾನು.
ಬೆರಳು ಮರಗಟ್ಟಿತ್ತು. ಗ್ರೀಸಿನಲ್ಲಿ ಗುರುತು ಮುಚ್ಚಿತ್ತು.
ಹಲ್ಲಿಗೆ ಹಲ್ಲು ಕಚ್ಚಿದ ಸದ್ದು ಕೇಳಿ ಸಾಕು ಅನಿಸಿತು.
ಬೆಳಗ್ಗೆ ನೋಡಿದರೆ ಚಕ್ರಗಳು ಎಡಕ್ಕೆ ವಾಲಿ ನಿಂತಿದ್ದವು.
ಬಿಚ್ಚಬೇಕಿತ್ತು.
ಒಂದು ಕಡ್ಡಿಯನ್ನು ಗಿಡ್ಡ ಮಾಡಿದೆ, ಇನ್ನೊಂದನ್ನು ಉದ್ದ,
ದಾರ ಒಪ್ಪುವವರೆಗೆ.

ದಾರ ಸುಳ್ಳು ಹೇಳಲಿಲ್ಲ.
ಅದಕ್ಕೆ ನೇರ ಒಂದೇ ಗೊತ್ತು;
ತಿರುವಿನ ವಿಷಯ ಅದನ್ನು ಯಾರೂ ಕೇಳಿರಲಿಲ್ಲ.

ಹೇಳಿದೆ. ಹೇಳುವಾಗ ಸ್ಪ್ಯಾನರನ್ನೇ ನೋಡುತ್ತಿದ್ದೆ.
ದಿಂಕೊ ಗೋಡೆಯ ಬರಹವನ್ನು ಅಂಗೈಯಲ್ಲಿ ಒರೆಸಿದ,
ಅಗತ್ಯಕ್ಕಿಂತ ಹೆಚ್ಚು ಹೊತ್ತು.
ಲೊವೋರ್ಕ ಮೂರು ಸಲ ಉರುಳಿದ ಕೋನನ್ನು
ತಂದು ನನ್ನ ಪಕ್ಕ ಇಟ್ಟಳು; ಅದರ ಮೇಲೆ ಟಾರ್ಚು ಇಟ್ಟಳು,
ಬೆಳಕು ಸರಿಯಾಗಿ ಪಿನಿಯನ್ನಿಗೆ ಬೀಳುವ ಹಾಗೆ.
ಕ್ಷಮಿಸಿದಳೋ, ಕೆಲಸ ಮುಗಿಯಲಿ ಅಂದಳೋ,
ಇವತ್ತಿಗೂ ಗೊತ್ತಿಲ್ಲ.

ಬಿಚ್ಚಿದೆವು. ಒಂದೇ ಒಂದು ಹಲ್ಲು ಸರಿಸಿದೆವು.
ಮರೆಗಳು ಐದು, ಐದು.
ಸ್ಟೀರಿಂಗು ಈ ಕೊನೆಯಿಂದ ಆ ಕೊನೆಗೆ,
ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ, ಎರಡೆರಡು ಸಲ ತಿರುಗಿಸಿದೆ,
ಬೀಗ ಹಾಕಿದ ಮೇಲೂ ಬಾಗಿಲು ದೂಡಿ ನೋಡುವವರಂತೆ.

ಮುಂದಿನ ವರ್ಷ ಇದನ್ನು ಬಿಚ್ಚುವ, ನಾನು ಕಾಣದ ಯಾವಳಿಗೋ,
ಯಾವನಿಗೋ,
ನಡುವಿನ ಹಲ್ಲಿನ ಮೇಲೆ ಹಳದಿ ಬಣ್ಣದ ಚುಕ್ಕೆ ಇಟ್ಟೆ.
ಬೇಗ ಒಣಗಲಿ ಎಂದು ಷಟರ್ ಪೂರ್ತಿ ಎತ್ತಿದರೆ
ಬಂದರಿನ ದೀಪಗಳು ನೀರಲ್ಲಿ ಅಲುಗದೆ ನಿಂತಿದ್ದವು.

ಬೇಕಾದಾಗ ನೋಡಿ,
ಗಾಳಿಯೇ ಇಲ್ಲ.