ನಾಕು ಪಾಲು

ಬಾಯಿಗೆ ಸೆರಗು ಹಿಡಿದು ನಗೋದು
ನಮ್ಮೂರ ಹೆಣ್ಮಕ್ಕಳಿಗೆ ಯಾರೂ ಕಲಿಸಲಿಲ್ಲ.
ಬೋರಿನ ನೀರು, ಕಣ್ಣಿಗೆ ತಿಳಿ, ನಾಲಿಗಿಗೆ ಸಿಹಿ,
ಹಲ್ಲಿನ ಮ್ಯಾಲೆ ಮಾತ್ರ ಕಂದು ಗೆರಿ.
"ವಂಶದ್ದು" ಅಂತಿದ್ದಳು ಅವ್ವ.
ತೊಟ್ಟಿಲಿನ್ಯಾಗ ಊರಿಗೆ ಬಂದ ಮಾಸ್ತರ ಮಗನಿಗೂ
ಹಾಲುಹಲ್ಲು ಉದುರಿ ಅವೇ ಗೆರಿ ಮೂಡಿದವು.
ಅವನಿಗೆ ನಮ್ಮ ವಂಶ ಎಲ್ಲಿಂದ ಬಂತೋ,
ಯಾರೂ ಕೇಳಲಿಲ್ಲ. ನಾನೂ.

ಬಿ.ಎಸ್ಸಿ. ಎರಡನೇ ವರ್ಷ, ರಸಾಯನಶಾಸ್ತ್ರದಾಗ ನಪಾಸು.
ಹೊಲಿಗಿ ಕಲಿಯಾಕ ಬೆಟಗೇರಿಗೆ ಹೊಂಟಿದ್ದೆ.
ಮುಂಡರಗಿ ಬಸ್ ಹತ್ತೂ ಹೊತ್ತಿಗೆ ಕಾಕಾ
ಒಂದು ಬಾಟ್ಲಿ, ಒಂದು ಚೀಲ ಕೈಯಾಗಿಟ್ಟ:
"ಗದಗಿನ ಲ್ಯಾಬಿಗೆ ಕೊಟ್ಟು ಹೋಗವಾ,
ದಾಳಿಂಬರಿ ಹಚ್ಚಬೇಕಂದೀನಿ."

ನದಾಫ ಮೇಡಂ ಮೊದಲು ಬೈದರು.
"ಎಣ್ಣಿ ಬಾಟ್ಲ್ಯಾಗ ನೀರು, ಯೂರಿಯಾ ಚೀಲದಾಗ ಮಣ್ಣು!
ನಾ ನಿಮ್ಮ ಹೊಲ ನೋಡ್ಲೋ, ಗೊಬ್ಬರದಂಗಡಿ ನೋಡ್ಲೋ?"

ಮುಂದಿನ ವಾರ ಮತ್ತ ತಂದೆ.
ಬದು ಬಿಟ್ಟು, ಬೇವಿನ ನೆರಳು ಬಿಟ್ಟು,
ಎಂಟು ಕಡೆ ಗುಂಡಿ, ಗೇಣುದ್ದ ಎರಿಮಣ್ಣು ಕೆರೆದು,
ತಾಡಪತ್ರಿ ಮ್ಯಾಲೆ ಹರವಿ, ನಾಕು ಪಾಲು ಮಾಡಿ
ಎದುರುಬದರಿನ ಎರಡು ಚೆಲ್ಲಿ,
ಉಳಿದದ್ದು ಕೂಡಿಸಿ, ಮತ್ತ ನಾಕು.
ನಾಕೆಕರೆ ಕಡೀಕ ಅರ್ಧ ಕಿಲೋಕ್ಕ ಬಂತು.
ಎಷ್ಟು ಚೆಲ್ಲಿದರೂ ಕೈಯಾಗ ಉಳಿದದ್ದು ಹೊಲಾನೇ:
ಇದೊಂದು ಯಾವ ನೋಟ್ಸಿನ್ಯಾಗೂ ಇರಲಿಲ್ಲ,
ಅಥವಾ ಇತ್ತೇನೋ.

ನೀರಿಗೆ ಅವರು ಕೆಂಪು ಬಣ್ಣದ್ದೇನೋ ಹಾಕಿದರು.
ಬಟ್ಟಿ ಇಳಿಸಿದ ನೀರಿನ್ಯಾಗ ಕೆಂಪು ಕೆಂಪಾಗೇ ನಿಂತಿತು.
ನಮ್ಮ ಬೋರಿನ ನೀರಿನ್ಯಾಗ ಬಿಳಿಚಿಕೊಂಡಿತು,
ಇಳಕಲ್ ಅಂತ ಕೊಟ್ಟ ನಕಲಿ ಸೀರಿ
ಮೊದಲ ಒಗಿತಕ್ಕ ಬಿಳಿಚಿದಂಗ.
"ಎಷ್ಟು ಫ್ಲೋರೈಡೋ ಅಷ್ಟು ಬಣ್ಣ ತಿಂತದ" ಅಂದರು.
ತೆಳು ಮಾಡಿ ಮತ್ತ ಅಳೆದರು.
ಮೂರು ಪಾಯಿಂಟ್ ಎಂಟು. ಒಂದೂವರೆ ದಾಟಬಾರದಿತ್ತು.

ಮೇಡಂ ನನ್ನ ಬಾಯಿ ಕಡೆ ನೋಡಲಿಲ್ಲ.
ನಾನೇ ಸೆರಗು ಬಿಟ್ಟೆ.
"ಇದನ್ನ ಕಲೀಬೇಕಂದ್ರ ಎಷ್ಟು ದಿನ ಬೇಕ್ರಿ?"
"ಮೊದಲು ಬಾಟ್ಲಿ ತೊಳಿ. ಮೂರು ಸಲ. ಅದೇ ನೀರಿನಿಂದ."

ಹೊಲಿಗಿ ಮಷೀನು ಈಗ ತಂಗಿ ತುಳೀತಾಳ.
ನಪಾಸಾದ ಪೇಪರು ಎರಡನೇ ಸಲಕ್ಕ ಮುಗೀತು.
ಕಾಕಾನ ಮಣ್ಣು ದಾಳಿಂಬರಿಗೆ ಅಡ್ಡಿಯಿಲ್ಲ.

ಇವತ್ತು ಊರ ನೀರಿನ ವರದಿಗೆ
ಪರೀಕ್ಷಿಸಿದವರು ಅನ್ನೋ ಜಾಗದಾಗ ನನ್ನ ಸಹಿ.
ಮಡಚಿ ಚೀಲದಾಗ ಇಟ್ಟೀನಿ.
ವಂಶದ್ದಲ್ಲ ಅಂತ ಹೇಳೋದು ಸುಲಭ.
ಹಂಗಾದ್ರ ಕುಡಿಸಿದವರು ಯಾರು ಅಂತ
ಅವ್ವ ತನ್ನ ತಾನೇ ಕೇಳಿಕೊಂಡರ
ಯಾವ ಅಂಕಿ ಓದಲಿ?
ಬಸ್ಸು ಡಂಬಳ ದಾಟಿತು.